ವರದಿ ಸರಿಯಿದೆ, ನಿದ್ದೆ ಮಾತ್ರ ಇಲ್ಲ: ಎಚ್‌ಐವಿ ಔಷಧಗಳ ಅಡ್ಡಪರಿಣಾಮವನ್ನು ರೋಗಿಯ ಬಾಯಿಂದಲೇ ಏಕೆ ಕೇಳಬೇಕು

ಎಚ್‌ಐವಿ ಚಿಕಿತ್ಸೆಯಲ್ಲಿರುವ ಒಬ್ಬರು ವಾಡಿಕೆಯ ತಪಾಸಣೆಗೆ ಬಂದಿದ್ದಾರೆ ಎಂದು ಭಾವಿಸೋಣ. ವೈದ್ಯರ ಮುಂದಿರುವ ವರದಿಯಲ್ಲಿ ಎರಡು ಸಂಖ್ಯೆಗಳತ್ತ ಮೊದಲು ಕಣ್ಣು ಹೋಗುತ್ತದೆ. ಒಂದು ವೈರಲ್ ಲೋಡ್, ಅಂದರೆ ಒಂದು ಮಿಲಿಲೀಟರ್ ರಕ್ತದಲ್ಲಿ ವೈರಾಣುವಿನ ಎಷ್ಟು ಪ್ರತಿಗಳಿವೆ ಎಂಬ ಎಣಿಕೆ. ಅದು 50ಕ್ಕಿಂತ ಕೆಳಗಿದೆ. ಇನ್ನೊಂದು ಸಿಡಿ4 ಎಣಿಕೆ, ಅಂದರೆ ರೋಗನಿರೋಧಕ ವ್ಯವಸ್ಥೆಯನ್ನು ಮುನ್ನಡೆಸುವ ಮತ್ತು ಎಚ್‌ಐವಿ ಗುರಿಯಾಗಿಸಿಕೊಳ್ಳುವ ಬಿಳಿ ರಕ್ತಕಣಗಳ ಲೆಕ್ಕ, ಅದು ಮೇಲೇರಿದೆ. “ಎಲ್ಲ ಚೆನ್ನಾಗಿದೆ, ಇದೇ ಮಾತ್ರೆ ಮುಂದುವರಿಸಿ” ಎಂದು ವೈದ್ಯರು ಚೀಟಿ ಬರೆದುಕೊಡುತ್ತಾರೆ. ಬಾಗಿಲವರೆಗೆ ಹೋದ ರೋಗಿ ಹಿಂದಿರುಗಿ ನೋಡಿ, “ಡಾಕ್ಟ್ರೇ, ಮಾತ್ರೆ ಬದಲಾದ ಮೇಲೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದೇ ಇಲ್ಲ” ಎನ್ನುತ್ತಾರೆ. “ಚಿಂತೆ ಮಾಡಬೇಡಿ, ಅಭ್ಯಾಸವಾಗುತ್ತದೆ” ಎಂಬ ಉತ್ತರ ಬರುತ್ತದೆ.

ಈ ಉತ್ತರ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಹಲವು ಅಡ್ಡಪರಿಣಾಮಗಳು ಮೊದಲ ಕೆಲವು ವಾರಗಳಲ್ಲಿ ತಾವಾಗಿಯೇ ತಗ್ಗುತ್ತವೆ. ಆದರೆ ಈ ರೋಗಿಯ ವಿಷಯದಲ್ಲಿ ಅದು ಸರಿಯೇ ಎಂಬುದನ್ನು ಇನ್ನೂ ನಾಲ್ಕು ಪ್ರಶ್ನೆ ಕೇಳದೆ ಹೇಳಲಾಗದು. ರಕ್ತಪರೀಕ್ಷೆಯ ಯಾವ ಅಂಕಣದಲ್ಲೂ ನಿದ್ದೆಗೆ ಜಾಗವಿಲ್ಲ.

ಈ ವಿಷಯಕ್ಕೆ ಈಗ ಮಹತ್ವ ಬಂದಿರುವುದಕ್ಕೆ ಕಾರಣವಿದೆ. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮದ ಅಂದಾಜಿನ ಪ್ರಕಾರ 2023ರ ಕೊನೆಗೆ ಜಗತ್ತಿನಲ್ಲಿ ಸುಮಾರು 4 ಕೋಟಿ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದರು. ಅವರಲ್ಲಿ 3 ಕೋಟಿಗೂ ಹೆಚ್ಚು ಜನ ಔಷಧ ಸೇವಿಸುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧವಿರುವ ಸಂಯೋಜನೆಯನ್ನು ಎಲ್ಲರಿಗೂ ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿದ ಬಳಿಕ, ಹಳೆಯ ಮಾತ್ರೆಗೆ ಹೊಂದಿಕೊಂಡಿದ್ದ ಅಪಾರ ಸಂಖ್ಯೆಯ ಜನ ಕೆಲವೇ ವರ್ಷಗಳಲ್ಲಿ ಹೊಸದಕ್ಕೆ ಬದಲಾದರು. ಹೊಸ ಔಷಧ ಹಳೆಯದಕ್ಕಿಂತ ಹಲವು ರೀತಿಯಲ್ಲಿ ಉತ್ತಮ. ಆದರೂ ಅಷ್ಟೊಂದು ಜನರ ದೇಹಕ್ಕೆ ಏಕಕಾಲದಲ್ಲಿ ಹೊಸದೊಂದು ರಾಸಾಯನಿಕ ಹೊಕ್ಕಾಗ, ಅದು ಹೇಗೆ ಒಗ್ಗಿತು ಎಂಬುದನ್ನು ಅವರೇ ಹೇಳಬೇಕು.

## ಮಾತ್ರೆ ಏನು ಮಾಡುತ್ತದೆ, ಅಡ್ಡಪರಿಣಾಮ ಎಲ್ಲಿಂದ ಬರುತ್ತದೆ

ಎಚ್‌ಐವಿ ತಾನಾಗಿ ಸಂತಾನ ಬೆಳೆಸಲಾರದು. ಸಿಡಿ4 ಕೋಶದೊಳಗೆ ನುಗ್ಗಿ, ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡಿ, ಆ ನಕಲನ್ನು ಕೋಶದ ಸ್ವಂತ ಡಿಎನ್‌ಎಯೊಳಗೆ ಹೊಲಿದು, ಅಲ್ಲಿಂದ ಹೊಸ ವೈರಾಣುಗಳ ಬಿಡಿಭಾಗಗಳನ್ನು ಮಾಡಿಸಿ ಕತ್ತರಿಸಿ ಜೋಡಿಸಿಕೊಳ್ಳುತ್ತದೆ. ನಕಲು ಮಾಡುವುದಕ್ಕೆ, ಹೊಲಿಯುವುದಕ್ಕೆ, ಕತ್ತರಿಸುವುದಕ್ಕೆ ಒಂದೊಂದು ಕಿಣ್ವವಿದೆ. ಎಚ್‌ಐವಿ ಔಷಧಗಳು ಹೆಚ್ಚಾಗಿ ಈ ಮೂರರಲ್ಲಿ ಒಂದನ್ನು ತಡೆಯುತ್ತವೆ. ಒಂದೇ ಕಡೆ ತಡೆದರೆ ವೈರಾಣು ರೂಪ ಬದಲಿಸಿ ನುಸುಳುತ್ತದೆ. ಹಾಗಾಗಿ ಎರಡು ಅಥವಾ ಮೂರು ಔಷಧಗಳನ್ನು ಒಟ್ಟಿಗೆ ಕೊಡುತ್ತಾರೆ. ಇದಕ್ಕೆ ಆಂಟಿರೆಟ್ರೊವೈರಲ್ ಚಿಕಿತ್ಸೆ, ಚುಟುಕಾಗಿ ಎಆರ್‌ಟಿ ಎಂದು ಹೆಸರು.

ತೊಂದರೆ ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ನಕಲು ತಡೆಯುವ ಹಳೆಯ ಔಷಧಗಳಾದ ಜಿಡೊವುಡಿನ್, ಸ್ಟಾವುಡಿನ್ ಮುಂತಾದವು ಡಿಎನ್‌ಎಯ ಬಿಡಿ ಕೊಂಡಿಗಳನ್ನೇ ಹೋಲುವ ನಕಲಿ ಕೊಂಡಿಗಳು. ಸರಪಳಿ ಹೆಣೆಯುವವರ ಕೈಗೆ, ಮುಂದಿನ ಕೊಂಡಿಯನ್ನು ಸಿಕ್ಕಿಸಲು ಬಾರದಂಥ ಮುಚ್ಚಿದ ಕೊಂಡಿಯೊಂದನ್ನು ಕೊಟ್ಟರೆ ಸರಪಳಿ ಅಲ್ಲಿಗೇ ನಿಲ್ಲುತ್ತದೆ. ವೈರಾಣುವಿನ ನಕಲೂ ಹಾಗೆಯೇ ನಿಲ್ಲುತ್ತದೆ. ಆದರೆ ನಮ್ಮ ಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳಲ್ಲಿಯೂ ಸ್ವಲ್ಪ ಡಿಎನ್‌ಎ ಇದೆ, ಅದನ್ನು ನಕಲು ಮಾಡಲು ಅಲ್ಲಿ ಬೇರೆ ಕಿಣ್ವವಿದೆ, ಮತ್ತು ಆ ಕಿಣ್ವವೂ ಈ ನಕಲಿ ಕೊಂಡಿಗೆ ಮೋಸ ಹೋಗಬಲ್ಲದು. ಮೈಟೊಕಾಂಡ್ರಿಯ ಸೊರಗಿದರೆ ನರಗಳು, ಕೊಬ್ಬಿನ ಕೋಶಗಳು, ಸ್ನಾಯುಗಳು ಬಳಲುತ್ತವೆ. ರೋಗಿಯ ಬಾಯಲ್ಲಿ ಇದು “ಅಂಗಾಲು ಉರಿಯುತ್ತದೆ”, “ಕೆನ್ನೆ ಒಳಗೆ ಹೋಗಿದೆ”, “ಮೆಟ್ಟಿಲು ಹತ್ತಲಾಗುತ್ತಿಲ್ಲ” ಎಂಬ ಮಾತಾಗಿ ಬರುತ್ತದೆ. ಸ್ಟಾವುಡಿನ್‌ನಲ್ಲಿ ಈ ತೊಂದರೆ ಎಷ್ಟಿತ್ತೆಂದರೆ, 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಬಳಕೆಯನ್ನು ಹಂತಹಂತವಾಗಿ ಕೈಬಿಡುವಂತೆ ದೇಶಗಳಿಗೆ ಹೇಳಿತು.

ಒಂದೇ ಮಾತ್ರೆ ಒಬ್ಬರಿಗೆ ಏನೂ ಮಾಡದೆ ಇನ್ನೊಬ್ಬರನ್ನು ಹೈರಾಣಾಗಿಸುವುದೂ ಕಲ್ಪನೆಯಲ್ಲ. ಎಫಾವಿರೆಂಜ್ ಔಷಧವನ್ನು ಯಕೃತ್ತಿನ ಒಂದು ಕಿಣ್ವ ಒಡೆಯುತ್ತದೆ. ಹುಟ್ಟಿನಿಂದಲೇ ಆ ಕಿಣ್ವ ನಿಧಾನವಾಗಿರುವವರ ರಕ್ತದಲ್ಲಿ ಔಷಧ ಶೇಖರವಾಗುತ್ತದೆ. ಎಲ್ಲರೂ ನುಂಗುವುದು ಒಂದೇ ಅಳತೆಯ ಮಾತ್ರೆ. ರಕ್ತದಲ್ಲಿ ಓಡಾಡುವ ಅಳತೆ ಮಾತ್ರ ಬೇರೆ ಬೇರೆ. 

## ಪ್ರಯೋಗದಲ್ಲಿ ಕಾಣದ್ದು ಬಳಕೆಯಲ್ಲಿ ಏಕೆ ಕಾಣುತ್ತದೆ

“ಈ ಔಷಧಕ್ಕೆ ಅಂಥ ಅಡ್ಡಪರಿಣಾಮವೇ ಇಲ್ಲ” ಎಂದು ವೈದ್ಯರು ಹೇಳುವಾಗ ಅವರು ಹೆಚ್ಚಾಗಿ ನೆಚ್ಚಿಕೊಂಡಿರುವುದು ಔಷಧ ಪ್ರಯೋಗಗಳ ಪಟ್ಟಿಯನ್ನು. ಆ ಪಟ್ಟಿಯ ಮಿತಿಗಳು ಸರಳ ಲೆಕ್ಕದವು. ಸಾವಿರದಲ್ಲಿ ಒಬ್ಬರಿಗೆ ಬರುವ ತೊಂದರೆಯನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ ಶೇ 95ರಷ್ಟಿರಬೇಕಾದರೆ ಸುಮಾರು 3000 ಜನರನ್ನು ಗಮನಿಸಬೇಕು. ಹಲವು ಪ್ರಯೋಗಗಳಲ್ಲಿ ಹೊಸ ಔಷಧ ಪಡೆದವರು ಕೆಲವು ನೂರು ಜನ. ನಿಗಾ ಇಡುವ ಅವಧಿ ಒಂದೆರಡು ವರ್ಷ. ಮಾತ್ರೆ ನುಂಗಬೇಕಾದದ್ದು ಬದುಕಿರುವವರೆಗೆ. ಎಚ್‌ಐವಿ ಪ್ರಯೋಗಗಳಲ್ಲಿ ಮಹಿಳೆಯರು, ವಯಸ್ಸಾದವರು, ಇತರ ಕಾಯಿಲೆಗಳಿಗೂ ಔಷಧ ತೆಗೆದುಕೊಳ್ಳುವವರು ಅವರ ನಿಜವಾದ ಪ್ರಮಾಣಕ್ಕಿಂತ ಕಡಿಮೆ ಇರುವುದು ಬಹುಕಾಲದ ಕೊರತೆ.

ಇನ್ನೊಂದು ಸೂಕ್ಷ್ಮವೂ ಇದೆ. ಅಡ್ಡಪರಿಣಾಮಗಳನ್ನು ಸಾಮಾನ್ಯವಾಗಿ 1ರಿಂದ 4ರವರೆಗೆ ಶ್ರೇಣಿ ಹಾಕುತ್ತಾರೆ: ಸೌಮ್ಯ, ಮಧ್ಯಮ, ತೀವ್ರ, ಜೀವಾಪಾಯ. ಔಷಧದ ಮಾಹಿತಿ ಪತ್ರದ ಪಟ್ಟಿಗಳಲ್ಲಿ ಎಷ್ಟೋ ಸಲ ಮಧ್ಯಮ ಮತ್ತು ಅದಕ್ಕಿಂತ ಹೆಚ್ಚಿನವು ಮಾತ್ರ ಕಾಣಿಸಿಕೊಳ್ಳುತ್ತವೆ. ಒಂದು ವಾರ ಬಂದುಹೋಗುವ ಸೌಮ್ಯ ವಾಕರಿಕೆಗೂ ಇಪ್ಪತ್ತು ವರ್ಷ ದಿನವೂ ಕಾಡುವ ಸೌಮ್ಯ ವಾಕರಿಕೆಗೂ ಈ ಅಳತೆಗೋಲಿನಲ್ಲಿ ಅಂಥ ವ್ಯತ್ಯಾಸವಿಲ್ಲ. ಆ ಶ್ರೇಣಿಯನ್ನು ಹಾಕುವವರೂ ವಾಕರಿಕೆ ಅನುಭವಿಸಿದವರಲ್ಲ, ಅದನ್ನು ಕೇಳಿ ಬರೆದುಕೊಂಡವರು.

## ರೋಗಿಗಳು ಮೊದಲು ಕಂಡದ್ದು

ಎಚ್‌ಐವಿ ಚಿಕಿತ್ಸೆಯ ಚರಿತ್ರೆಯಲ್ಲಿ ಹಲವು ಅಡ್ಡಪರಿಣಾಮಗಳು ವೈದ್ಯಕೀಯ ಪತ್ರಿಕೆಗಳಿಗೆ ಬರುವ ಮುನ್ನ ರೋಗಿಗಳ ಮಾತಿನಲ್ಲಿದ್ದವು. ಮೊದಲ ಔಷಧವಾದ ಜಿಡೊವುಡಿನ್‌ಗೆ ಅಮೆರಿಕದಲ್ಲಿ 1987ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕಿತು. ಆಗ ಅದನ್ನು ನಾಲ್ಕು ಗಂಟೆಗೊಮ್ಮೆ, ರಾತ್ರಿ ಅಲಾರಂ ಇಟ್ಟುಕೊಂಡು ಎದ್ದು, ಈಗಿನ ಅಳತೆಯ ಎರಡು ಪಟ್ಟು ತೆಗೆದುಕೊಳ್ಳಬೇಕಿತ್ತು. ತೀವ್ರ ರಕ್ತಹೀನತೆ ಮತ್ತು ವಾಂತಿಯಿಂದ ಜನ ಬಸವಳಿದರು. ಪ್ರಮಾಣವನ್ನು ಅರ್ಧಕ್ಕಿಳಿಸಿದರೂ ಔಷಧದ ಗುಣ ಕುಗ್ಗುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

1996ರಲ್ಲಿ ಮೂರು ಔಷಧಗಳ ಸಂಯೋಜನೆ ಬಂದು ಸಾವಿನ ಸಂಖ್ಯೆ ಇಳಿಯತೊಡಗಿದಾಗ ಎಲ್ಲೆಡೆ ಸಂಭ್ರಮವಿತ್ತು. ಮರುವರ್ಷದ ಹೊತ್ತಿಗೆ ರೋಗಿಗಳು ವಿಚಿತ್ರವೆನಿಸುವ ಸಂಗತಿಗಳನ್ನು ಹೇಳತೊಡಗಿದರು: ತೂಕ ಬದಲಾಗಿಲ್ಲ, ಆದರೆ ಪ್ಯಾಂಟಿನ ಗುಂಡಿ ಹಾಕಲಾಗುತ್ತಿಲ್ಲ, ಕೈಕಾಲುಗಳಲ್ಲಿ ನರಗಳು ಎದ್ದು ಕಾಣುತ್ತಿವೆ, ಕತ್ತಿನ ಹಿಂದೆ ಗಂಟು ಬೆಳೆದು ಕಾಲರ್ ಬಿಗಿಯಾಗಿದೆ, ಕನ್ನಡಿಯಲ್ಲಿ ಮುಖ ತನ್ನದೆನಿಸುವುದಿಲ್ಲ. ಇಂಡಿನಾವಿರ್ ಎಂಬ ಔಷಧ ತೆಗೆದುಕೊಳ್ಳುತ್ತಿದ್ದವರು ತಮ್ಮ ಉಬ್ಬಿದ ಹೊಟ್ಟೆಗೆ ಅದರ ವ್ಯಾಪಾರನಾಮವನ್ನೇ ಸೇರಿಸಿ ‘ಕ್ರಿಕ್ಸ್ ಬೆಲ್ಲಿ’ ಎಂದು ತಮ್ಮ ತಮ್ಮಲ್ಲಿ ಹೆಸರಿಟ್ಟುಕೊಂಡಿದ್ದರು. ವೈರಾಣು ಹತೋಟಿಯಲ್ಲಿದ್ದು ತೂಕವೂ ಹಾಗೇ ಇದ್ದ ರೋಗಿಯ ಇಂಥ ಮಾತನ್ನು ಸೌಂದರ್ಯದ ಚಿಂತೆ ಎಂದು ಬದಿಗಿಡುವುದು ಸುಲಭವಿತ್ತು. 1998ರಲ್ಲಿ ಆಸ್ಟ್ರೇಲಿಯದ ವೈದ್ಯರ ತಂಡವೊಂದು ಇದನ್ನು ಕ್ರಮಬದ್ಧವಾಗಿ ಅಳೆದು ಪ್ರಕಟಿಸಿದ ಮೇಲೆ ಅದಕ್ಕೆ ಲಿಪೊಡಿಸ್ಟ್ರೊಫಿ, ಅಂದರೆ ಕೊಬ್ಬಿನ ಹಂಚಿಕೆ ಏರುಪೇರಾಗುವಿಕೆ ಎಂಬ ಹೆಸರು ನೆಲೆಯಾಯಿತು. ಮೊದಲು ಇಂಡಿನಾವಿರ್ ಗುಂಪಿನ ಔಷಧಗಳ ಮೇಲೇ ಪೂರ್ತಿ ಅನುಮಾನವಿತ್ತು. ಕೆನ್ನೆ ಮತ್ತು ಕೈಕಾಲುಗಳ ಕೊಬ್ಬು ಕರಗಲು ಮುಖ್ಯವಾಗಿ ಸ್ಟಾವುಡಿನ್ ಮತ್ತು ಜಿಡೊವುಡಿನ್ ಕಾರಣ ಎಂಬುದು ಬಳಿಕ ತಿಳಿಯಿತು. ಕರಗಿದ ಮುಖದ ಕೊಬ್ಬು ಔಷಧ ಬದಲಿಸಿದರೂ ಬಹಳ ನಿಧಾನವಾಗಿ, ಅದೂ ಅರೆಬರೆಯಾಗಿ ಮರಳುತ್ತದೆ. ತಡವಾಗಿ ಕೇಳಿಸಿಕೊಂಡದ್ದರ ಬೆಲೆಯನ್ನು ಹಲವರು ಇಂದಿಗೂ ಮುಖದಲ್ಲಿ ಹೊತ್ತಿದ್ದಾರೆ. ಕಂಡವರೆಲ್ಲ ಕಾಯಿಲೆಯನ್ನು ಊಹಿಸಬಹುದಾದ ಗುರುತು ಅದು ಎಂಬುದನ್ನೂ ಇಲ್ಲಿ ನೆನೆಯಬೇಕು.

ಎಫಾವಿರೆಂಜ್‌ನ ಕಥೆ ಮನಸ್ಸಿಗೆ ಸಂಬಂಧಿಸಿದ್ದು. 1998ರಲ್ಲಿ ಬಂದ ಈ ಔಷಧ ತಲೆಸುತ್ತು ಮತ್ತು ಎಚ್ಚರವಾದ ಮೇಲೂ ಬಿಡದಂಥ ಗಾಢ ಕನಸುಗಳನ್ನು ತರುತ್ತದೆಂಬುದು ಆರಂಭದಿಂದಲೇ ಗೊತ್ತಿತ್ತು. ಕೆಲವು ವಾರಗಳಲ್ಲಿ ಹೋಗುತ್ತದೆ ಎಂಬುದು ರೂಢಿಯ ಮಾತಾಗಿತ್ತು. ಬಹುಪಾಲು ಜನರಿಗೆ ಹೋಗುತ್ತಿತ್ತು ಕೂಡ. ಆದರೆ 2014ರಲ್ಲಿ ನಾಲ್ಕು ಪ್ರಯೋಗಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಆತ್ಮಹತ್ಯೆಯ ಆಲೋಚನೆ ಅಥವಾ ಯತ್ನ ಎಫಾವಿರೆಂಜ್ ಪಡೆದ ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು 8 ಮಂದಿಯಲ್ಲಿ, ಅದಿಲ್ಲದ ಚಿಕಿತ್ಸೆ ಪಡೆದವರಲ್ಲಿ ಸುಮಾರು 4 ಮಂದಿಯಲ್ಲಿ ಕಂಡುಬಂದಿತ್ತು. ನಂತರದ ಎಲ್ಲ ಅಧ್ಯಯನಗಳೂ ಇದನ್ನೇ ಹೇಳಲಿಲ್ಲ, ನಿಜ. ಆದರೂ “ಕನಸು ತಾನೇ” ಎಂಬ ಮಾತು ಅಲ್ಲಿಂದಾಚೆಗೆ ಸಲೀಸಾಗಿ ಹೇಳುವಂಥದ್ದಾಗಿ ಉಳಿಯಲಿಲ್ಲ. 600 ಮಿಲಿಗ್ರಾಂ ಬದಲು 400 ಮಿಲಿಗ್ರಾಂ ಕೊಟ್ಟರೂ ವೈರಾಣು ಅಷ್ಟೇ ಚೆನ್ನಾಗಿ ಹತೋಟಿಗೆ ಬರುತ್ತದೆ ಎಂದು ಇನ್ನೊಂದು ಪ್ರಯೋಗ ಅದೇ ವರ್ಷ ತೋರಿಸಿತು.

ಡೊಲುಟೆಗ್ರಾವಿರ್‌ನಲ್ಲಿಯೂ ಇದೇ ಮಾದರಿ ಮರುಕಳಿಸಿತು. ಪ್ರಯೋಗಗಳಲ್ಲಿ ನಿದ್ರಾಹೀನತೆಯಿಂದ ಔಷಧ ಬಿಟ್ಟವರು ತೀರ ವಿರಳ. ದಿನನಿತ್ಯದ ಬಳಕೆಗೆ ಬಂದ ಮೇಲೆ ನಿದ್ದೆ ಮತ್ತು ಮನಸ್ಥಿತಿಯ ತೊಂದರೆಗಾಗಿ ಬಿಟ್ಟವರ ಪ್ರಮಾಣ ಹೆಚ್ಚಿತ್ತು, ಅದರಲ್ಲಿಯೂ ಮಹಿಳೆಯರು ಮತ್ತು 60 ವರ್ಷ ದಾಟಿದವರಲ್ಲಿ ಹೆಚ್ಚೆಂದು 2017ರಲ್ಲಿ ಜರ್ಮನಿಯ ವೈದ್ಯರು ವರದಿ ಮಾಡಿದರು. ತೂಕದ ದೂರುಗಳನ್ನು ಮೊದಲು “ಆರೋಗ್ಯ ಸುಧಾರಿಸುತ್ತಿದೆ, ಮೈ ತುಂಬಿಕೊಳ್ಳುತ್ತಿದೆ” ಎಂದು ವಿವರಿಸಲಾಯಿತು. 2019ರಲ್ಲಿ ದಕ್ಷಿಣ ಆಫ್ರಿಕಾದ ಪ್ರಯೋಗವೊಂದು, ಡೊಲುಟೆಗ್ರಾವಿರ್ ಜೊತೆಗೆ ಟೆನೊಫೊವಿರ್ ಎಂಬ ಇನ್ನೊಂದು ಎಚ್‌ಐವಿ ಔಷಧದ ಹೊಸ ರೂಪ ಪಡೆದವರ ತೂಕ 48 ವಾರಗಳಲ್ಲಿ ಸರಾಸರಿ ಸುಮಾರು 6 ಕೆ.ಜಿ.ಯಷ್ಟು ಏರಿದ್ದನ್ನೂ ಎಫಾವಿರೆಂಜ್ ಪಡೆದವರಲ್ಲಿ 2 ಕೆ.ಜಿ.ಯೂ ಏರದಿದ್ದುದನ್ನೂ ತೋರಿಸಿತು. ಎಫಾವಿರೆಂಜ್ ತಾನೇ ತೂಕ ಏರದಂತೆ ತಡೆಯುವುದೂ ಈ ಅಂತರಕ್ಕೆ ಒಂದು ಕಾರಣ ಎಂಬ ವಿವರಣೆ ಬಂತು. ಅಂದರೆ ರೋಗಿಯ ಮಾತು ನಿಜವಿತ್ತು, ಕಾರಣ ಮಾತ್ರ ಮೇಲ್ನೋಟಕ್ಕೆ ಕಂಡದ್ದಕ್ಕಿಂತ ಸಂಕೀರ್ಣವಿತ್ತು.

## ಹೇಳಿದ್ದು ದಾಖಲೆಗೆ ಏಕೆ ಸೇರುವುದಿಲ್ಲ

1999ರಲ್ಲಿ ಅಮೆರಿಕದ ವೈದ್ಯೆ ಎಮಿ ಜಸ್ಟಿಸ್ ಮತ್ತು ಸಂಗಡಿಗರು ಎಚ್‌ಐವಿ ರೋಗಿಗಳು ಸ್ವತಃ ಹೇಳಿದ ಲಕ್ಷಣಗಳನ್ನೂ ಅದೇ ರೋಗಿಗಳ ಬಗ್ಗೆ ಚಿಕಿತ್ಸಕರು ಗುರುತಿಸಿದ ಲಕ್ಷಣಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಚಿಕಿತ್ಸಕರ ಪಟ್ಟಿ ಚಿಕ್ಕದಾಗಿತ್ತು. ಬದುಕಿನ ಗುಣಮಟ್ಟದೊಂದಿಗೆ ಹೆಚ್ಚು ನಂಟು ಕಂಡದ್ದು ರೋಗಿಗಳು ಹೇಳಿದ್ದಕ್ಕೆ. ಎಚ್‌ಐವಿಗಷ್ಟೇ ಇದು ಸೀಮಿತವಲ್ಲ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಔಷಧಗಳಿಂದ ತೊಂದರೆಯಾಯಿತೆಂದು ಹೇಳಿದವರನ್ನು ವಿಚಾರಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ನಾಯುನೋವಿನಂಥ ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮದ ಬಗ್ಗೆಯೂ ವೈದ್ಯರು ಔಷಧದ ಪಾತ್ರವನ್ನು ಅಲ್ಲಗಳೆಯುವುದೇ ಹೆಚ್ಚಾಗಿತ್ತು.

ಇದಕ್ಕೆ ವೈದ್ಯರ ಉದಾಸೀನವೊಂದೇ ಕಾರಣವೆನ್ನುವುದು ಅನ್ಯಾಯವಾದೀತು. ಸಾಲಿನಲ್ಲಿ ಕಾಯುವವರು ಬಹಳ, ಒಬ್ಬೊಬ್ಬರಿಗೆ ಸಿಗುವ ನಿಮಿಷಗಳು ಕೆಲವೇ. ಸಾಯುತ್ತಿದ್ದವರನ್ನು ಕಣ್ಣಾರೆ ಕಂಡ ತಲೆಮಾರಿನ ವೈದ್ಯರಿಗೆ, ಬದುಕುಳಿದವರ ನಿದ್ದೆಯ ದೂರು ಸಣ್ಣದೆನಿಸುವುದು ಸಹಜ. ದಣಿವು, ತಲೆನೋವು, ಬೇಸರ ಇವು ಎಚ್‌ಐವಿಯಿಂದಲೂ ಬರುತ್ತವೆ, ವಯಸ್ಸಿನಿಂದಲೂ ಬರುತ್ತವೆ, ಏನೂ ಕಾಯಿಲೆಯಿಲ್ಲದವರಿಗೂ ಬರುತ್ತವೆ. ಇದರ ಮೇಲೆ ನೊಸೆಬೊ ಪರಿಣಾಮವಿದೆ: ತೊಂದರೆಯಾದೀತೆಂಬ ನಿರೀಕ್ಷೆಯೇ ತೊಂದರೆಯನ್ನು ತರಬಲ್ಲದು. ಆದರೆ ಇದನ್ನು ‘ಎಲ್ಲ ಮನಸ್ಸಿನದ್ದು’ ಎಂಬ ತೀರ್ಪಿಗೆ ಬಳಸಿಕೊಳ್ಳುವುದು ತಪ್ಪು. ನೊಸೆಬೊದಿಂದ ಬಂದ ವಾಕರಿಕೆಯೂ ವಾಕರಿಕೆಯೇ. ಅದರಿಂದಲೂ ಮಾತ್ರೆ ತಪ್ಪುತ್ತದೆ.

ರೋಗಿಗಳೂ ಮುಚ್ಚಿಡುತ್ತಾರೆ. ಕೃತಘ್ನರೆನಿಸಿಕೊಂಡೇವು ಎಂಬ ಅಳುಕು, ಔಷಧವನ್ನೇ ನಿಲ್ಲಿಸಿಬಿಟ್ಟಾರು ಎಂಬ ಭಯ, ಲೈಂಗಿಕ ಆಸಕ್ತಿ ಕುಗ್ಗಿದ್ದನ್ನು ಬಾಯಿಬಿಟ್ಟು ಹೇಳಲಾಗದ ಸಂಕೋಚ ಇವೆಲ್ಲ ಸೇರಿ ನಾಲಿಗೆ ಕಟ್ಟುತ್ತವೆ. ಬಾಗಿಲ ಬಳಿ ಹೋದ ಮೇಲಷ್ಟೇ ಮಾತು ಹೊರಬರುವುದು ಅದಕ್ಕೇ.

## ಕೇಳದಿದ್ದರೆ ಆಗುವುದೇನು

ಸಾಮಾನ್ಯವಾಗಿ ಆಗುವುದು ಇಷ್ಟು: ರೋಗಿ ಮುಂದಿನ ಸಲ ಹೇಳುವುದಿಲ್ಲ, ಮತ್ತು ಮಾತ್ರೆಯನ್ನು ಆಗಾಗ ಬಿಡುತ್ತಾರೆ. ಎಚ್‌ಐವಿಯಲ್ಲಿ ಇದು ಅಪಾಯಕಾರಿ. ರಕ್ತದಲ್ಲಿ ಔಷಧ ಅರೆಬರೆ ಇರುವಾಗ ವೈರಾಣು ನಕಲು ಮಾಡಿಕೊಳ್ಳುತ್ತ ಹೋದರೆ, ಔಷಧಕ್ಕೆ ಬಗ್ಗದ ರೂಪಗಳು ಉಳಿದು ಬೆಳೆಯುತ್ತವೆ. ಮೂರು ಔಷಧಗಳನ್ನೂ ಒಂದೇ ದಿನ ನಿಲ್ಲಿಸಿದರೂ ಅವು ಒಂದೇ ದಿನ ದೇಹ ಬಿಡುವುದಿಲ್ಲ. ಎಫಾವಿರೆಂಜ್ ವಾರಗಟ್ಟಲೆ ಹಿಂದುಳಿಯಬಲ್ಲದು, ಜೊತೆಗಿದ್ದವು ಬೇಗ ಹೊರಟುಹೋಗುತ್ತವೆ. ಆಗ ವೈರಾಣುವಿನ ಎದುರು ಒಂಟಿಯಾಗಿ ನಿಂತ ಔಷಧ ಸೋಲುತ್ತದೆ. 33 ದೇಶಗಳ 5472 ಜನರು ಪಾಲ್ಗೊಂಡಿದ್ದ ಸ್ಮಾರ್ಟ್ ಎಂಬ ಪ್ರಯೋಗವು, ವೈದ್ಯರ ನಿಗಾದಲ್ಲಿಯೇ ಚಿಕಿತ್ಸೆಯನ್ನು ಬಿಟ್ಟು ಬಿಟ್ಟು ನಡೆಸಿದವರಲ್ಲಿ ಸಾವು ಮತ್ತು ಗಂಭೀರ ಕಾಯಿಲೆ ಹೆಚ್ಚಿದ್ದನ್ನು 2006ರಲ್ಲಿ ದಾಖಲಿಸಿತು. ಆದ್ದರಿಂದ ತೊಂದರೆ ಎಷ್ಟೇ ಇರಲಿ, ಮಾತ್ರೆಯನ್ನು ತಾನಾಗಿ ನಿಲ್ಲಿಸುವ ಮೊದಲು ವೈದ್ಯರಿಗೆ ತಿಳಿಸಬೇಕು.

ವಿಳಂಬ ಮಾಡಬಾರದ ಕೆಲವು ಲಕ್ಷಣಗಳಿವೆ: ಜ್ವರದೊಂದಿಗೆ ಬರುವ ದದ್ದು, ಬಾಯಿ ಅಥವಾ ಕಣ್ಣಿನಲ್ಲಿ ಹುಣ್ಣು, ಉಸಿರಾಟದ ಕಷ್ಟ, ಮುಖದ ಊತ, ಬಿಡದ ವಾಂತಿ, ಬದುಕು ಬೇಡವೆನಿಸುವ ಆಲೋಚನೆ. ಇವು ಕಂಡರೆ ಮುಂದಿನ ತಪಾಸಣೆಯವರೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

## ಗಂಭೀರವಾಗಿ ಪರಿಗಣಿಸುವುದೆಂದರೆ

ರೋಗಿ ಹೇಳಿದ್ದನ್ನೆಲ್ಲ ಒಪ್ಪಿ ಕೂಡಲೇ ಮಾತ್ರೆ ಬದಲಿಸುವುದು ಎಂದು ಇದರ ಅರ್ಥವಲ್ಲ. ಮೂರು ಔಷಧಗಳ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಅಟಾಜನಾವಿರ್ ತೆಗೆದುಕೊಳ್ಳುವ ಕೆಲವರ ಕಣ್ಣು ಹಳದಿಯಾಗುತ್ತದೆ. ನೋಡಿದರೆ ಕಾಮಾಲೆಯಂತೆ ಕಂಡರೂ, ಯಕೃತ್ತಿನ ಇತರ ಪರೀಕ್ಷೆಗಳು ಸರಿಯಿದ್ದರೆ ಅದು ಬಿಲಿರುಬಿನ್ ಎಂಬ ವಸ್ತು ಹೊರಹೋಗುವುದು ನಿಧಾನವಾದದ್ದಷ್ಟೇ, ಯಕೃತ್ತಿಗೆ ಹಾನಿಯಲ್ಲ. ಇದಕ್ಕೆ ತದ್ವಿರುದ್ಧ ಅಬಕಾವಿರ್. ಮೊದಲ ಆರು ವಾರಗಳಲ್ಲಿ ಜ್ವರ, ದದ್ದು, ಹೊಟ್ಟೆ ತೊಳಸುವಿಕೆ, ಕೆಮ್ಮು ಇವುಗಳಲ್ಲಿ ಕೆಲವು ಒಟ್ಟಿಗೆ ಬಂದರೆ ಸಾಮಾನ್ಯ ನೆಗಡಿಜ್ವರವೆಂದು ಕಡೆಗಣಿಸುವಂತಿಲ್ಲ. ಪ್ರತಿ ಮಾತ್ರೆಯ ನಂತರ ಉಲ್ಬಣಿಸುವ ಅಲರ್ಜಿ ಅದಾಗಿರಬಹುದು, ಮತ್ತು ನಿಲ್ಲಿಸಿದ ಮೇಲೆ ಪುನಃ ಕೊಟ್ಟರೆ ಪ್ರಾಣಕ್ಕೇ ಕುತ್ತಾಗಬಹುದು. ನೂರರಲ್ಲಿ 5ರಿಂದ 8 ಜನರಿಗೆ ಬರುತ್ತಿದ್ದ ಈ ಅಲರ್ಜಿಗೂ ಒಂದು ನಿರ್ದಿಷ್ಟ ವಂಶವಾಹಿಗೂ ನಂಟಿರುವುದನ್ನು ಪತ್ತೆಹಚ್ಚಿದ ಬಳಿಕ, ಮುಂಚಿತವಾಗಿ ರಕ್ತಪರೀಕ್ಷೆ ಮಾಡಿದರೆ ಅದನ್ನು ಹೆಚ್ಚುಕಡಿಮೆ ಪೂರ್ತಿ ತಪ್ಪಿಸಬಹುದೆಂದು 2008ರಲ್ಲಿ ಸಾಬೀತಾಯಿತು. ಮೂರನೆಯದು ಟೆನೊಫೊವಿರ್‌ನ ಹಳೆಯ ರೂಪ: ಮೂತ್ರಪಿಂಡ ಮತ್ತು ಮೂಳೆಗೆ ಅದು ಮಾಡಬಹುದಾದ ಹಾನಿ ರೋಗಿಯ ಅನುಭವಕ್ಕೆ ಬಹುಕಾಲ ಬಾರದು; ಅಲ್ಲಿ ಪರೀಕ್ಷೆಯೇ ಮೊದಲು ಹೇಳುತ್ತದೆ. ಕೆಲವನ್ನು ವರದಿ ಹೇಳುತ್ತದೆ, ಕೆಲವನ್ನು ಮನುಷ್ಯ ಹೇಳಬೇಕಾಗುತ್ತದೆ.

ಕೇಳುವುದಕ್ಕೊಂದು ಕ್ರಮವೂ ಇದೆ. ಜಸ್ಟಿಸ್ ಅವರ ತಂಡ 2001ರಲ್ಲಿ 20 ಲಕ್ಷಣಗಳ ಒಂದು ಪುಟದ ಪ್ರಶ್ನಾವಳಿಯನ್ನು ಪ್ರಕಟಿಸಿತು. ದಣಿವು, ಕೈಕಾಲು ಜೋಮು, ನೆನಪಿನ ತೊಂದರೆ, ನಿದ್ದೆ, ದೇಹದ ಆಕಾರ, ಲೈಂಗಿಕ ಸಮಸ್ಯೆ ಎಲ್ಲವೂ ಅದರಲ್ಲಿವೆ. ಕಳೆದ ನಾಲ್ಕು ವಾರಗಳಲ್ಲಿ ಇದು ಇತ್ತೇ, ಇದ್ದರೆ ಎಷ್ಟು ಕಾಡಿತು ಎಂದು ರೋಗಿ ಗುರುತು ಹಾಕಿದರೆ ಸಾಕು. ಸಂಕೋಚದ ವಿಷಯವನ್ನು ಬಾಯಲ್ಲಿ ಹೇಳಬೇಕಾಗಿಲ್ಲ. ಕಾಯುವ ಕೊಠಡಿಯಲ್ಲೇ ತುಂಬಬಹುದಾದ್ದರಿಂದ ವೈದ್ಯರ ಸಮಯವೂ ಉಳಿಯುತ್ತದೆ. ಇಂಥ ವಿಧಾನದಿಂದ ಎಷ್ಟು ಪ್ರಯೋಜನ ಎಂಬುದಕ್ಕೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಒಂದು ನಿದರ್ಶನವಿದೆ: ಲಕ್ಷಣಗಳನ್ನು ರೋಗಿಗಳೇ ನಿಯಮಿತವಾಗಿ ದಾಖಲಿಸಿ, ತೀವ್ರವಾದಾಗ ದಾದಿಯರಿಗೆ ಸೂಚನೆ ಹೋಗುವಂತೆ ಮಾಡಿದ ಅಮೆರಿಕದ ಪ್ರಯೋಗದಲ್ಲಿ ಬದುಕುಳಿದ ಅವಧಿಯ ಮಧ್ಯಾಂಕ 31.2 ತಿಂಗಳಿತ್ತು, ವಾಡಿಕೆಯ ಚಿಕಿತ್ಸೆಯಲ್ಲಿ 26 ತಿಂಗಳು. 2017ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ಎಚ್‌ಐವಿಗೆ ನೇರವಾಗಿ ಅನ್ವಯಿಸಲಾಗದು.

ಇನ್ನು ಬಾಗಿಲ ಬಳಿ ನಿಂತಿದ್ದ ರೋಗಿಯ ವಿಷಯ. “ಒಂದು ನಿಮಿಷ ಕೂತುಕೊಳ್ಳಿ” ಎಂದು ಕರೆದ ವೈದ್ಯರು ಕೇಳಬೇಕಾದ ಪ್ರಶ್ನೆಗಳು ಬಹಳವಿಲ್ಲ. ತೊಂದರೆ ಮಾತ್ರೆ ಬದಲಾದ ಎಷ್ಟು ದಿನಕ್ಕೆ ಶುರುವಾಯಿತು? ಮೊದಲೂ ಹೀಗಾಗುತ್ತಿತ್ತೇ? ಮಾತ್ರೆಯನ್ನು ಯಾವ ಹೊತ್ತಿಗೆ ನುಂಗುತ್ತೀರಿ? ಬೇರೆ ಏನಾದರೂ ಹೊಸ ಔಷಧ ಸೇರಿದೆಯೇ? ಮನಸ್ಸಿಗೆ ಬೇಸರ, ಆತಂಕ ಇದೆಯೇ? ಎಷ್ಟು ಸಲ ಮಾತ್ರೆ ತಪ್ಪಿದೆ? ಎಫಾವಿರೆಂಜ್ ಆಗಿದ್ದರೆ, ಜಿಡ್ಡಿನ ಊಟದ ಬೆನ್ನಿಗೇ ನುಂಗಿದಾಗ ಅದು ರಕ್ತಕ್ಕೆ ಹೆಚ್ಚು ಸೇರಿ ತಲೆಸುತ್ತು ಹೆಚ್ಚುತ್ತದೆ, ಖಾಲಿ ಹೊಟ್ಟೆಯಲ್ಲಿ ಮಲಗುವ ಮುನ್ನ ತೆಗೆದುಕೊಳ್ಳಿ ಎಂದು ಹೇಳಿದರೆ ಕೆಲವರಿಗೆ ಅಷ್ಟರಲ್ಲೇ ಹಗುರವಾಗುತ್ತದೆ. ಡೊಲುಟೆಗ್ರಾವಿರ್ ಆಗಿದ್ದರೆ ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಿ ನೋಡುವುದು ಮೊದಲ ಹೆಜ್ಜೆ. ಕೆಲವು ವಾರಗಳಲ್ಲಿ ಸರಿಹೋಗದಿದ್ದರೆ ಬೇರೆ ಸಂಯೋಜನೆಯ ಬಗ್ಗೆ ಯೋಚಿಸಬೇಕಾಗುತ್ತದೆ. ಕಾರಣ ಔಷಧವೇ ಎಂಬ ಅನುಮಾನವಿದ್ದರೆ ಔಷಧ ಸುರಕ್ಷತೆಯ ನಿಗಾ ವ್ಯವಸ್ಥೆಗೂ ವರದಿ ಕಳುಹಿಸಬೇಕು. ಖಚಿತ ಪುರಾವೆ ಬೇಕಿಲ್ಲ, ಅನುಮಾನವೇ ಸಾಕು. ಹಲವು ದೇಶಗಳಲ್ಲಿ ರೋಗಿಗಳೇ ನೇರವಾಗಿ ಕಳುಹಿಸಬಹುದು. ಸದಸ್ಯ ದೇಶಗಳ ಇಂಥ ವರದಿಗಳು ಸ್ವೀಡನ್ನಿನ ಉಪ್ಸಾಲಾದಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯೊಂದಿಗೆ ಕೆಲಸ ಮಾಡುವ ಕೇಂದ್ರದ ದತ್ತಾಂಶಕ್ಕೆ ಸೇರುತ್ತವೆ. ಒಂದೊಂದು ವರದಿ ಬಿಡಿಯಾಗಿ ಏನನ್ನೂ ಸಾಧಿಸದಿದ್ದರೂ, ಬೇರೆ ಬೇರೆ ಊರುಗಳ ನೂರಾರು ಜನ ಅದೇ ತೊಂದರೆಯನ್ನು ಬರೆದಾಗ ಅಲ್ಲಿ ಕೂತವರಿಗೆ ಮಾದರಿ ಕಾಣಿಸುತ್ತದೆ.

ಆ ರೋಗಿಯ ಕಡತದಲ್ಲಿ ವೈರಲ್ ಲೋಡ್ ಮತ್ತು ಸಿಡಿ4 ಸಂಖ್ಯೆಗಳ ಕೆಳಗೆ ವೈದ್ಯರು ಇನ್ನೊಂದು ಸಾಲು ಬರೆಯುತ್ತಾರೆ: ರಾತ್ರಿ 2ಕ್ಕೆ ಎಚ್ಚರ, ಮಾತ್ರೆ ಬದಲಾದ ಎರಡನೇ ವಾರದಿಂದ, ಈ ತಿಂಗಳು ಮೂರು ಮಾತ್ರೆ ತಪ್ಪಿದೆ, ಇಂದಿನಿಂದ ಬೆಳಿಗ್ಗೆ ಸೇವನೆ, ನಾಲ್ಕು ವಾರಕ್ಕೆ ಮತ್ತೆ ಕೇಳುವುದು.